ಗೋಡೆ ನೋಡಿ ಮಷೀನ್ ತಗೊಳ್ಳಿ: ಬ್ಯಾಟರಿ ಡ್ರಿಲ್, ಇಂಪ್ಯಾಕ್ಟ್ ಡ್ರೈವರ್ ಮತ್ತು ಎರಡೂ ಇರುವ ಕಿಟ್

ಬ್ಯಾಟರಿ ಡ್ರಿಲ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಯಾವ ಕಂಪನಿ ಒಳ್ಳೇದು?’ ಅಂತ. ಅದನ್ನು ಆಮೇಲೆ ಕೇಳಿದರೂ ನಡೆಯುತ್ತದೆ. ನಿಮ್ಮ ಮನೆ ಗೋಡೆ ಯಾವುದರದ್ದು, ನಿಮ್ಮ ಕೆಲಸದಲ್ಲಿ ತೂತು ಜಾಸ್ತಿಯಾ ಸ್ಕ್ರೂ ಜಾಸ್ತಿಯಾ, ಮುಂದೆ ಇದೇ ಬ್ಯಾಟರಿಗೆ ಇನ್ನೇನಾದರೂ ಮಷೀನ್ ತಗೊಳ್ಳುವ ಯೋಚನೆ ಇದೆಯಾ, ಇವು ಮೂರು ಗೊತ್ತಾದರೆ ಕಂಪನಿ ತಾನಾಗಿ ಎರಡೋ ಮೂರೋ ಹೆಸರಿಗೆ ಇಳಿಯುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವರ್ಷಕ್ಕೆ ನಾಲ್ಕು ಫೋಟೋ, ಒಂದು ಗಡಿಯಾರ ನೇತುಹಾಕುವವರಿಗೆ ಈ ಕಿಟ್ ಬೇಡ. 13 ಎಂಎಂ ಚಕ್ (ಬಿಟ್, ಅಂದರೆ ಕೊರೆಯುವ ಕಡ್ಡಿಯನ್ನು ಹಿಡಿಯುವ ಮೂತಿ) ಇರುವ, ವೈರ್ ಇರುವ ಸಾಮಾನ್ಯ ಡ್ರಿಲ್ ಸಾಕು. ಬೆಲೆ ತುಂಬಾ ಕಡಿಮೆ, ಗೋಡೆ ಕೊರೆಯಲು ಶಕ್ತಿ ಜಾಸ್ತಿ, ಐದು ವರ್ಷ ಅಟ್ಟದ ಮೇಲೆ ಬಿದ್ದಿದ್ದರೂ ಪ್ಲಗ್ ಹಾಕಿದ ತಕ್ಷಣ ತಿರುಗುತ್ತದೆ. ಬ್ಯಾಟರಿ ಮಷೀನ್ ಹಾಗಲ್ಲ. ಬಳಸದೆ ಇಟ್ಟರೆ ಬ್ಯಾಟರಿ ಸಾಯುತ್ತದೆ.

ಹಂತ 1: ಯಾವುದು ಯಾವ ಮಷೀನ್ ಅಂತ ತಿಳಿದುಕೊಳ್ಳಿ

ಇಲ್ಲೇ ತುಂಬಾ ಜನ ಎಡವುತ್ತಾರೆ. ನಮ್ಮ ಅಂಗಡಿಗಳಲ್ಲಿ ಇಂಪ್ಯಾಕ್ಟ್ ಡ್ರಿಲ್ ಅಂದರೆ ಗೋಡೆ ಕೊರೆಯುವ, ಹ್ಯಾಮರ್ ಗುರುತು ಇರುವ ಡ್ರಿಲ್. ಹ್ಯಾಮರ್ ಅಂದರೆ ತಿರುಗುತ್ತಲೇ ಮುಂದಕ್ಕೂ ಕುಟ್ಟುವ ವ್ಯವಸ್ಥೆ. ಇಂಪ್ಯಾಕ್ಟ್ ಡ್ರೈವರ್ ಬೇರೆಯೇ ಮಷೀನ್, ಅದು ಸ್ಕ್ರೂ ಬಿಗಿಯಲು ಇರುವುದು. ಆನ್‌ಲೈನಿನಲ್ಲಿ ಈ ಎರಡು ಹೆಸರನ್ನೂ ಕಲಸಿ ಹಾಕಿರುತ್ತಾರೆ. ಹೆಸರು ಬಿಡಿ, ಮಷೀನಿನ ಮೂತಿ ನೋಡಿ. ಮೂರು ದವಡೆ ಇರುವ, ಕೈಯಲ್ಲಿ ತಿರುಗಿಸಿ ಬಿಗಿ ಮಾಡುವ ಚಕ್ ಇದ್ದರೆ ಡ್ರಿಲ್. ಚಿಕ್ಕ ಆರುಮೂಲೆಯ ರಂಧ್ರ, ಹಿಂದಕ್ಕೋ ಮುಂದಕ್ಕೋ ಎಳೆಯುವ ಕಾಲರ್ ಇದ್ದರೆ ಇಂಪ್ಯಾಕ್ಟ್ ಡ್ರೈವರ್. ಅದಕ್ಕೆ ಕಾಲು ಇಂಚಿನ ಹೆಕ್ಸ್ ಬಿಟ್ ಮಾತ್ರ ಕೂರುತ್ತದೆ. ಚೌಕದ ಗೂಟ ಹೊರಗೆ ಚಾಚಿದ್ದರೆ ಇಂಪ್ಯಾಕ್ಟ್ ರೆಂಚ್, ನಟ್ ಬೋಲ್ಟ್ ಕೆಲಸಕ್ಕೆ, ಗಾಡಿ ಚಕ್ರ ಬಿಚ್ಚುವುದಕ್ಕೆ. ಬಿಟ್‌ನ ಹಿಂಭಾಗವನ್ನು ಒಳಗೆ ಒತ್ತಿದರೆ ಕ್ಲಿಕ್ ಅಂತ ಕೂರುವ ಎಸ್‌ಡಿಎಸ್ ಬಾಯಿ ಇದ್ದರೆ ರೋಟರಿ ಹ್ಯಾಮರ್, ಕಾಂಕ್ರೀಟ್ ಕೊರೆಯುವ ಮಷೀನ್.

ಕಾಂಬೋ ಕಿಟ್ ಅಂದರೆ ಸಾಮಾನ್ಯವಾಗಿ ಇವುಗಳಲ್ಲಿ ಮೊದಲಿನ ಎರಡು: ಒಂದು ಡ್ರಿಲ್, ಒಂದು ಇಂಪ್ಯಾಕ್ಟ್ ಡ್ರೈವರ್, ಜೊತೆಗೆ ಎರಡು ಬ್ಯಾಟರಿ, ಒಂದು ಚಾರ್ಜರ್, ಒಂದು ಪೆಟ್ಟಿಗೆ. ಡ್ರಿಲ್‌ಗೆ ಹ್ಯಾಮರ್ ಇದೆಯಾ ಇಲ್ಲವಾ ಅಂತ ಖಂಡಿತ ನೋಡಿ. ಬಾಕ್ಸ್ ಮೇಲಿನ ಫೋಟೋದಲ್ಲಿ ಎರಡೂ ಒಂದೇ ತರ ಕಾಣುತ್ತವೆ. ಮಷೀನಿನ ರಿಂಗ್ ಮೇಲೆ ಸುತ್ತಿಗೆಯ ಚಿತ್ರ ಇದ್ದರೆ ಹ್ಯಾಮರ್ ಇದೆ. ಇಲ್ಲದಿದ್ದರೆ ಅದು ಮರ, ಕಬ್ಬಿಣಕ್ಕೆ ಮಾತ್ರ. ಬಾಷ್‌ನ ನೀಲಿ ಮಷೀನುಗಳಲ್ಲಿ ಇದು ಹೆಸರಿನಲ್ಲೇ ಗೊತ್ತಾಗುತ್ತದೆ: ಜಿಎಸ್‌ಬಿ ಅಂತ ಶುರುವಾದರೆ ಹ್ಯಾಮರ್ ಇರುವ ಡ್ರಿಲ್, ಜಿಎಸ್‌ಆರ್ ಅಂದರೆ ಹ್ಯಾಮರ್ ಇಲ್ಲದ್ದು, ಜಿಡಿಆರ್ ಅಂದರೆ ಇಂಪ್ಯಾಕ್ಟ್ ಡ್ರೈವರ್.

ಹಂತ 2: ಗೋಡೆ ನೋಡಿ

ಇಟ್ಟಿಗೆ ಗೋಡೆ ಆದರೆ ಚಿಂತೆಯೇ ಇಲ್ಲ. ಹ್ಯಾಮರ್ ಇರುವ ಯಾವುದೇ ಒಳ್ಳೆ ಬ್ಯಾಟರಿ ಡ್ರಿಲ್ 6 ಎಂಎಂ, 8 ಎಂಎಂ ತೂತನ್ನು ಆರಾಮವಾಗಿ ಕೊರೆಯುತ್ತದೆ. ಸಾಲಿಡ್ ಸಿಮೆಂಟ್ ಬ್ಲಾಕ್ ಸ್ವಲ್ಪ ತಡ ಮಾಡುತ್ತದೆ, ಆದರೂ ಹೋಗುತ್ತದೆ. ಮಂಗಳೂರು, ಉಡುಪಿ ಕಡೆಯ ಕೆಂಪುಕಲ್ಲಿನ ಗೋಡೆಯಲ್ಲಿ ಕೊರೆಯುವುದು ಸುಲಭ, ಗಿಟ್ಟಿ (ಸ್ಕ್ರೂ ಹಿಡಿಯಲು ತೂತಿಗೆ ತೂರಿಸುವ ಪ್ಲಗ್) ನಿಲ್ಲಿಸುವುದೇ ಕಷ್ಟ. ಹ್ಯಾಮರ್ ಹಾಕಿದರೆ ತೂತು ಅಗಲವಾಗಿ ಪುಡಿ ಉದುರುತ್ತಲೇ ಇರುತ್ತದೆ. ಅಲ್ಲಿ ಹ್ಯಾಮರ್ ಆಫ್ ಮಾಡಿ ಬರೀ ತಿರುಗಿಸಿ ಕೊರೆಯಿರಿ, ಗಿಟ್ಟಿ ಉದ್ದದ್ದು ಹಾಕಿ. ಹೊಸ ಕಟ್ಟಡಗಳ ಬಿಳಿ, ಹಗುರ ಸಿಮೆಂಟಿನ ಎಎಸಿ ಬ್ಲಾಕ್‌ಗೂ ಹ್ಯಾಮರ್ ಬೇಡವೇ ಬೇಡ.

ಕಷ್ಟ ಬರುವುದು ಕಾಂಕ್ರೀಟಿನಲ್ಲಿ. ‘ನಮ್ಮ ಮನೆ ಇಟ್ಟಿಗೆಯದ್ದೇ, ಆದರೂ ಡ್ರಿಲ್ ಒಳಗೆ ಹೋಗ್ತಿಲ್ಲ’ ಅನ್ನುವವರು ಹೆಚ್ಚಾಗಿ ಪರದೆ ರಾಡ್ ಹಾಕಲು ಹೊರಟಿರುತ್ತಾರೆ. ಕಿಟಕಿಯ ಮೇಲೆ ಇರುವುದು ಲಿಂಟಲ್, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟು. ರಾಡಿನ ಕ್ಲ್ಯಾಂಪ್ ಸರಿಯಾಗಿ ಅಲ್ಲಿಗೇ ಬರುತ್ತದೆ. ಫ್ಯಾನಿನ ಸೀಲಿಂಗ್, ಪಿಲ್ಲರ್, ಬೀಮ್ ಎಲ್ಲ ಇದೇ ಕತೆ. ಬೆಂಗಳೂರಿನ ಎಷ್ಟೋ ಹೊಸ ಅಪಾರ್ಟ್‌ಮೆಂಟ್‌ಗಳನ್ನು ಮೈವಾನ್ ಅನ್ನುವ ಅಲ್ಯೂಮಿನಿಯಂ ಅಚ್ಚಿನಲ್ಲಿ ಕಟ್ಟಿರುತ್ತಾರೆ. ಅಲ್ಲಿ ಗೋಡೆಗೋಡೆಯೂ ಕಾಂಕ್ರೀಟೇ. ಕೋಲಾರ, ಬೆಂಗಳೂರು ಗ್ರಾಮಾಂತರದ ಹಳೇ ಮನೆಗಳ ಸೈಜ್ ಕಲ್ಲು ಇನ್ನೂ ಗಟ್ಟಿ.

ಇಂಥ ಕಡೆ ಕಾಂಬೋ ಕಿಟ್‌ನ ಡ್ರಿಲ್ ಸೋಲುತ್ತದೆ. ಅದರ ಹ್ಯಾಮರ್ ಕೆಲಸ ಮಾಡುವುದು ಎರಡು ಹಲ್ಲಿನ ಚಕ್ರ ಒಂದರ ಮೇಲೊಂದು ಉಜ್ಜಿ ಹಾರಿದಾಗ. ನಿಮಿಷಕ್ಕೆ 20 ಸಾವಿರಕ್ಕೂ ಹೆಚ್ಚು ಪೆಟ್ಟು ಅಂತ ಬಾಕ್ಸ್ ಮೇಲೆ ಬರೆದಿರುತ್ತದೆ ನಿಜ, ಆದರೆ ಒಂದೊಂದು ಪೆಟ್ಟೂ ತೀರಾ ಹಗುರ. ಭಾರ ಹಾಕಿ ಒತ್ತಬೇಕಾದವರು ನೀವೇ. ರೋಟರಿ ಹ್ಯಾಮರ್‌ನಲ್ಲಿ ಒಳಗಿನ ಪಿಸ್ಟನ್ ಗಾಳಿಯನ್ನು ಒತ್ತಿ ಬಿಟ್‌ಗೆ ಪೆಟ್ಟು ಕೊಡುತ್ತದೆ. ಪೆಟ್ಟಿನ ಸಂಖ್ಯೆ ಕಡಿಮೆ, ತೂಕ ಜಾಸ್ತಿ. ಅದಕ್ಕೇ ಅದರ ಬಾಕ್ಸ್ ಮೇಲೆ ಜೌಲ್ ಲೆಕ್ಕ, ಅಂದರೆ ಒಂದು ಪೆಟ್ಟಿನ ಶಕ್ತಿ ಎಷ್ಟು ಅನ್ನುವುದು, ಇರುತ್ತದೆ. ಮನೆ ಕೆಲಸಕ್ಕೆ 2 ಜೌಲ್ ಸುತ್ತಮುತ್ತ ಇದ್ದರೆ ಧಾರಾಳ. ಮೈವಾನ್ ಮನೆಯವರು ಕಾಂಬೋ ಕಿಟ್ ಆಸೆ ಬಿಟ್ಟು ಹ್ಯಾಮರ್ ಇಲ್ಲದ ಚಿಕ್ಕ ಡ್ರಿಲ್ ಒಂದು, ರೋಟರಿ ಹ್ಯಾಮರ್ ಒಂದು ತಗೊಳ್ಳುವುದು ಜಾಣತನ. ಇಲ್ಲವೇ ರೋಟರಿ ಹ್ಯಾಮರ್ ಅನ್ನು ದಿನದ ಬಾಡಿಗೆಗೆ ತನ್ನಿ. ಇಂಪ್ಯಾಕ್ಟ್ ಡ್ರೈವರ್ ಮಾತ್ರ ಯಾವ ಗೋಡೆಯನ್ನೂ ಕೊರೆಯುವುದಿಲ್ಲ. ಅದಕ್ಕೆ ಮುಂದಕ್ಕೆ ಕುಟ್ಟುವ ಶಕ್ತಿಯೇ ಇಲ್ಲ.

ಟೈಲ್ಸ್ ಮೇಲೆ ಹ್ಯಾಮರ್ ಹಾಕಬೇಡಿ. ಈಟಿ ತುದಿಯ ಟೈಲ್ ಬಿಟ್‌ನಲ್ಲೋ ಡೈಮಂಡ್ ಬಿಟ್‌ನಲ್ಲೋ ನಿಧಾನವಾಗಿ, ನೀರು ಮುಟ್ಟಿಸುತ್ತಾ ಟೈಲ್ ದಾಟಿ. ಆಮೇಲೆ ಹಿಂದಿನ ಗೋಡೆಗೆ ಬಿಟ್ ಬದಲಿಸಿ. ಸ್ವಿಚ್ ಬೋರ್ಡ್‌ನ ನೇರ ಮೇಲೆ ಕೆಳಗೆ, ನಲ್ಲಿಯ ನೇರ ಮೇಲೆ ಕೆಳಗೆ ಎಲ್ಲೂ ಕೊರೆಯಬೇಡಿ, ಪೈಪು ವೈರು ಹೆಚ್ಚಾಗಿ ಅಲ್ಲೇ ಹಾದುಹೋಗಿರುತ್ತವೆ.

ಹಂತ 3: ಇಂಪ್ಯಾಕ್ಟ್ ಡ್ರೈವರ್ ನಿಮಗೆ ನಿಜವಾಗಿ ಬೇಕಾ?

ತುಕ್ಕು ಹಿಡಿದ ನಟ್ ಬಿಚ್ಚಲು ಮೆಕ್ಯಾನಿಕ್ ಏನು ಮಾಡುತ್ತಾನೆ? ಸ್ಪ್ಯಾನರ್ ಹಾಕಿ, ಅದರ ಹಿಡಿಗೆ ಸುತ್ತಿಗೆಯಿಂದ ಟಕಟಕ ಹೊಡೆಯುತ್ತಾನೆ. ಇಂಪ್ಯಾಕ್ಟ್ ಡ್ರೈವರ್ ಒಳಗೆ ಆಗುವುದೂ ಅದೇ. ಸ್ಕ್ರೂ ಹಗುರವಾಗಿ ಹೋಗುವವರೆಗೆ ಸುಮ್ನೆ ತಿರುಗುತ್ತದೆ. ಬಿಗಿ ಬಂದ ತಕ್ಷಣ ಒಳಗಿನ ಸುತ್ತಿಗೆ ತಿರುಗುವ ದಿಕ್ಕಿಗೇ ನಿಮಿಷಕ್ಕೆ ಮೂರು ಸಾವಿರದಷ್ಟು ಪೆಟ್ಟು ಕೊಡಲು ಶುರುಮಾಡುತ್ತದೆ. ಆ ಕಟಕಟ ಸದ್ದು ಅದರದ್ದೇ. ಇದರಿಂದ ಎರಡು ಲಾಭ. ಉದ್ದ ಸ್ಕ್ರೂ ನಡುವೆ ನಿಲ್ಲುವುದಿಲ್ಲ, ಮತ್ತು ನಿಮ್ಮ ಮಣಿಕಟ್ಟು ತಿರುಚುವುದಿಲ್ಲ. ಡ್ರಿಲ್‌ನಲ್ಲಿ ದೊಡ್ಡ ಸ್ಕ್ರೂ ಸಿಕ್ಕಿಕೊಂಡರೆ ಮಷೀನೇ ತಿರುಗಿ ಕೈಯನ್ನು ಎಳೆಯುತ್ತದೆ, ಏಣಿ ಮೇಲೆ ನಿಂತಾಗ ಅದು ಅಪಾಯ.

ಅದಕ್ಕೇ ಶೀಟ್ ಹಾಕುವವರ ಕೈಯಲ್ಲಿ ಇದೇ ಇರುತ್ತದೆ. ಕೊಟ್ಟಿಗೆಗೆ, ಅಡಿಕೆ ಅಂಗಳದ ಮಾಡಿಗೆ, ತಾರಸಿ ಮೇಲಿನ ಶೀಟಿಗೆ ತಾನೇ ಕೊರೆದುಕೊಂಡು ಹೋಗುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಹೊಡೆಯಬೇಕಿದ್ದರೆ 8 ಎಂಎಂ ನಟ್ ಸೆಟ್ಟರ್ (ಸ್ಕ್ರೂವಿನ ಆರುಮೂಲೆಯ ತಲೆ ಹಿಡಿಯುವ ಬಿಟ್) ಹಾಕಿದ ಇಂಪ್ಯಾಕ್ಟ್ ಡ್ರೈವರ್‌ಗೆ ಸಮನಾದದ್ದು ಇನ್ನೊಂದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಅಂಚಿನಲ್ಲಿ ಸ್ವಲ್ಪ ಉಬ್ಬಿದ ತಕ್ಷಣ ಟ್ರಿಗರ್ ಬಿಡಬೇಕು. ಇನ್ನೊಂದು ಕ್ಷಣ ಕಟಕಟ ಅನ್ನಿಸಿದರೆ ರಬ್ಬರ್ ಚಪ್ಪಟೆಯಾಗಿ ಸೀಳುತ್ತದೆ, ಅದು ಗೊತ್ತಾಗುವುದು ಜೂನ್ ತಿಂಗಳ ಮಳೆಯಲ್ಲಿ. ಹಲಸು, ಹೊನ್ನೆ, ಮತ್ತಿಯಂಥ ಗಟ್ಟಿ ಮರಕ್ಕೆ ಮೂರು ಇಂಚಿನ ಸ್ಕ್ರೂ ಹಾಕುವಾಗಲೂ ಇದೇ ಮಷೀನ್. ಆದರೆ ಮೊದಲು ಡ್ರಿಲ್‌ನಲ್ಲಿ ಚಿಕ್ಕ ತೂತು ಕೊರೆಯಿರಿ, ಇಲ್ಲದಿದ್ದರೆ ಮರ ಸೀಳುತ್ತದೆ ಅಥವಾ ಸ್ಕ್ರೂ ತಲೆ ತುಂಡಾಗುತ್ತದೆ. ಕಾಂಬೋ ಕಿಟ್‌ನ ನಿಜವಾದ ಸುಖ ಇಲ್ಲಿದೆ. ಒಂದರಲ್ಲಿ ಕೊರೆಯುವ ಬಿಟ್, ಇನ್ನೊಂದರಲ್ಲಿ ಸ್ಕ್ರೂ ಬಿಟ್. ಪ್ರತಿ ಸಲ ಬಿಚ್ಚಿ ಹಾಕುವ ರಗಳೆ ಇಲ್ಲ.

ಇನ್ನು ಅಡುಗೆಮನೆ ಕಪಾಟಿನ ಕೀಲು, ಪಾರ್ಟಿಕಲ್ ಬೋರ್ಡ್, ಎಂಡಿಎಫ್, ಸ್ವಿಚ್ ಪ್ಲೇಟು, ಯಾವುದೇ ಪ್ಲಾಸ್ಟಿಕ್ಕು: ಇವಕ್ಕೆ ಇಂಪ್ಯಾಕ್ಟ್ ಡ್ರೈವರ್ ಹತ್ತಿರವೂ ತರಬೇಡಿ. ಅದಕ್ಕೆ ಕ್ಲಚ್ ಇಲ್ಲ. 16 ಎಂಎಂ ಸ್ಕ್ರೂ ಕಣ್ಣು ಮಿಟುಕಿಸುವಷ್ಟರಲ್ಲಿ ಬೋರ್ಡನ್ನು ಪುಡಿ ಮಾಡಿ ಸುಮ್ನೆ ತಿರುಗುತ್ತಿರುತ್ತದೆ. ಡ್ರಿಲ್ ಮೂತಿಯ ಹಿಂದೆ 1, 2, 3 ಅಂತ ಅಂಕಿ ಬರೆದ ರಿಂಗ್ ಇರುತ್ತದಲ್ಲ, ಅದೇ ಕ್ಲಚ್, ಬಿಗಿ ಸಾಕಾದಾಗ ಜಾರಿ ಸ್ಕ್ರೂ ತಿರುಗುವುದನ್ನು ನಿಲ್ಲಿಸುತ್ತದೆ. ಕಡಿಮೆ ಅಂಕಿಯಿಂದ ಶುರುಮಾಡಿ. ಸ್ಕ್ರೂ ಪೂರ್ತಿ ಕೂರುವ ಮೊದಲೇ ಕರ್ ಅಂತ ಜಾರಿದರೆ ಒಂದೊಂದೇ ಅಂಕಿ ಏರಿಸಿ. ಗೇರ್ 1ರಲ್ಲಿ ಸ್ಕ್ರೂ, ಗೇರ್ 2ರಲ್ಲಿ ತೂತು.

ಹಾಗಾಗಿ ಒಂದೇ ಮಷೀನಿಗೆ ದುಡ್ಡಿದ್ದರೆ ಹ್ಯಾಮರ್ ಇರುವ ಡ್ರಿಲ್ ತಗೊಳ್ಳಿ, ಇಂಪ್ಯಾಕ್ಟ್ ಡ್ರೈವರ್ ಅಲ್ಲ. ಡ್ರಿಲ್ ಸ್ಕ್ರೂ ಕೂಡ ಹಾಕುತ್ತದೆ. ಡ್ರೈವರ್ ಗೋಡೆ ಕೊರೆಯುವುದಿಲ್ಲ.

ಹಂತ 4: 12 ವೋಲ್ಟಾ, 18 ವೋಲ್ಟಾ, 21 ವೋಲ್ಟಾ, 128 ವೋಲ್ಟಾ?

ಕೊನೆಯದು ತಮಾಷೆ ಅಲ್ಲ, ನಿಜವಾಗಿಯೂ ಹಾಗೆ ಸ್ಟಿಕ್ಕರ್ ಅಂಟಿಸಿ ಮಾರುತ್ತಾರೆ. ಲೆಕ್ಕ ಸರಳ. ಒಂದು ಲಿಥಿಯಂ ಸೆಲ್ಲಿನ ಸಾಮಾನ್ಯ ವೋಲ್ಟೇಜ್ 3.6. ಐದು ಸೆಲ್ ಸಾಲಾಗಿ ಜೋಡಿಸಿದರೆ 18. ಫುಲ್ ಚಾರ್ಜ್ ಆದಾಗ ಒಂದೊಂದು ಸೆಲ್ 4.2ರವರೆಗೆ ಹೋಗುತ್ತದೆ, ಆಗ ಐದಕ್ಕೆ 21. ಅಂದರೆ ಮಕಿಟಾ, ಬಾಷ್‌ನ 18 ವೋಲ್ಟ್, ಡಿವಾಲ್ಟ್ ಅಮೆರಿಕದಲ್ಲಿ 20 ವೋಲ್ಟ್ ಮ್ಯಾಕ್ಸ್ ಅಂತ ಮಾರುವುದು, ಹೆಸರಿಲ್ಲದ ಚೀನಾ ಕಿಟ್‌ನ 21 ವೋಲ್ಟ್, ಎಲ್ಲದರಲ್ಲೂ ಇರುವುದು ಐದು ಸೆಲ್ಲಿನ ಸಾಲೇ. 12 ವೋಲ್ಟ್ ಅನ್ನುವುದು ಮೂರು ಸೆಲ್, ಸರಿಯಾಗಿ ಹೇಳಿದರೆ 10.8. ಇನ್ನು 48, 98, 128 ಅಂತ ಬರೆದ ಕಿಟ್ ಕಂಡರೆ ಅದರ ಚಾರ್ಜರ್ ತಿರುಗಿಸಿ ಔಟ್‌ಪುಟ್ ಓದಿ. ಹೆಚ್ಚಾಗಿ ಅಲ್ಲಿ 21 ವೋಲ್ಟ್ ಅಂತಲೇ ಇರುತ್ತದೆ. ಸ್ಟಿಕ್ಕರ್ ಸುಳ್ಳು ಹೇಳಿದರೂ ಚಾರ್ಜರ್ ಹೇಳುವುದಿಲ್ಲ.

ಮನೆಯೊಳಗಿನ ಕೆಲಸಕ್ಕೆ, ಪೀಠೋಪಕರಣ ಜೋಡಿಸಲು, ಇಟ್ಟಿಗೆ ಗೋಡೆಯ ಸಣ್ಣ ತೂತಿಗೆ 12 ವೋಲ್ಟ್ ಜೋಡಿ ಸಾಕು. ಮಷೀನ್ ಒಂದು ಕೆಜಿ ಆಸುಪಾಸು ಇರುತ್ತದೆ, ಕಪಾಟಿನ ಮೂಲೆಯೊಳಗೆ ತೂರುತ್ತದೆ, ತಲೆ ಮೇಲೆ ಎತ್ತಿ ಹಿಡಿದರೆ ಕೈ ಸೋಲುವುದಿಲ್ಲ. ಈ ವರ್ಗದಲ್ಲಿ ಡ್ರಿಲ್‌ಗೆ 30 ನ್ಯೂಟನ್ ಮೀಟರ್, ಡ್ರೈವರ್‌ಗೆ 100 ನ್ಯೂಟನ್ ಮೀಟರ್ ಆಸುಪಾಸು ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುತ್ತದೆ. ತೋಟ, ಶೀಟು, ಕಬ್ಬಿಣದ ಬಾಕ್ಸ್ ಪೈಪು, ದಪ್ಪ ಮರ ಅಂದರೆ 18ಕ್ಕೇ ಹೋಗಿ. ಅಲ್ಲಿ ಡ್ರಿಲ್ 50ರಿಂದ 60, ಡ್ರೈವರ್ 150ಕ್ಕೂ ಮೇಲೆ.

ಈ ಅಂಕಿಗಳನ್ನು ಹೋಲಿಸುವಾಗ ಮೋಸ ಹೋಗಬೇಡಿ. ಡ್ರೈವರ್‌ನ 150, ಡ್ರಿಲ್‌ನ 50ಕ್ಕಿಂತ ಮೂರು ಪಟ್ಟು ದೊಡ್ಡದು ಅಂತ ಅರ್ಥ ಅಲ್ಲ. ಒಂದು ಪೆಟ್ಟಿನ ಲೆಕ್ಕ, ಇನ್ನೊಂದು ಎಡೆಬಿಡದೆ ತಿರುಗುವ ಲೆಕ್ಕ. ಡ್ರಿಲ್‌ಗೂ ಎರಡು ಟಾರ್ಕ್ ಬರೆದಿರುತ್ತಾರೆ, ಹಾರ್ಡ್ ಮತ್ತು ಸಾಫ್ಟ್. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಹಾರ್ಡ್, ಅಂದರೆ ಸ್ಕ್ರೂ ಕಬ್ಬಿಣಕ್ಕೆ ಕೂತು ಗಪ್ಪನೆ ನಿಂತಾಗಿನ ಶಕ್ತಿ. ಮರದ ಕೆಲಸದವರು ನೋಡಬೇಕಾದದ್ದು ಸಾಫ್ಟ್, ಅಂದರೆ ಮೆತ್ತನೆಯದರಲ್ಲಿ ಸ್ಕ್ರೂ ನಿಧಾನವಾಗಿ ಬಿಗಿಯಾಗುವಾಗಿನ ಶಕ್ತಿ.

ಬ್ರಷ್‌ಲೆಸ್, ಅಂದರೆ ಕಾರ್ಬನ್ ಬ್ರಷ್ ಇಲ್ಲದ ಮೋಟರ್, ಬೇಕಾ? ದಿನವೂ ಕೆಲಸ ಇದ್ದವರಿಗೆ ಬೇಕು. ಕಾರ್ಬನ್ ಸವೆಯುವುದಿಲ್ಲ, ಬಿಸಿ ಕಡಿಮೆ, ಅದೇ ಬ್ಯಾಟರಿಯಲ್ಲಿ ಜಾಸ್ತಿ ಹೊತ್ತು ಓಡುತ್ತದೆ. ಮನೆ ಬಳಕೆಗೆ ಕಾರ್ಬನ್ ಬ್ರಷ್ ಮಷೀನ್ ಚೆನ್ನಾಗಿಯೇ ನಡೆಯುತ್ತದೆ, ಉಳಿದ ದುಡ್ಡಿಗೆ ಒಳ್ಳೆ ಬಿಟ್ ತಗೊಳ್ಳಿ.

ಹಂತ 5: ನೀವು ಕೊಳ್ಳುವುದು ಮಷೀನ್ ಅಲ್ಲ, ಬ್ಯಾಟರಿ

ಇದಕ್ಕೆ ಸ್ವಲ್ಪ ಹೊತ್ತು ಕೊಡಿ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದಕ್ಕೆ ಕೂರುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಒಂದೇ ಕಂಪನಿಯೊಳಗೂ ಕೂರುವುದಿಲ್ಲ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಮಕಿಟಾದ 18 ವೋಲ್ಟ್‌ನಲ್ಲಿ ಎಲ್‌ಎಕ್ಸ್‌ಟಿ ಸಾಲು ಬೇರೆ, ಅಗ್ಗದ ಜಿ ಸಾಲು ಬೇರೆ. ಬಾಷ್‌ನಲ್ಲಿ ನೀಲಿ ಮಷೀನುಗಳ 18 ವೋಲ್ಟ್ ಬ್ಯಾಟರಿ ಹಸಿರು ಮಷೀನಿಗೆ ಆಗುವುದಿಲ್ಲ. ಮುಂದೆ ಗ್ರೈಂಡರ್, ಬ್ಲೋವರ್, ಮರ ಸವರುವ ಚಿಕ್ಕ ಗರಗಸ ತಗೊಳ್ಳುವ ಯೋಚನೆ ಇದ್ದರೆ ಅದೇ ಬ್ಯಾಟರಿಗೆ ಇಲ್ಲಿ ಯಾವ ಯಾವ ಮಷೀನ್ ಸಿಗುತ್ತದೆ ಅಂತ ಕೇಳಿ. ವಿದೇಶದ ವೆಬ್‌ಸೈಟ್‌ನಲ್ಲಿ ನೂರಾರು ಇರಬಹುದು, ನಿಮ್ಮ ಊರಿನ ಡೀಲರ್ ಬಳಿ ಹತ್ತೂ ಇರದೆ ಹೋಗಬಹುದು. ಬ್ಯಾಟರಿ ಒಮ್ಮೆ ಇದ್ದರೆ ಆಮೇಲೆ ಸೋಲೋ ಮಷೀನ್, ಅಂದರೆ ಬ್ಯಾಟರಿ ಚಾರ್ಜರ್ ಇಲ್ಲದ್ದು, ಕಡಿಮೆ ಬೆಲೆಗೆ ಸಿಗುತ್ತದೆ.

ಕಿಟ್ ಅಗ್ಗ ಕಂಡರೆ ಮೊದಲು ಬ್ಯಾಟರಿ ಎಣಿಸಿ, ಆಮೇಲೆ ಅದರ ಆಂಪಿಯರ್ ಅವರ್ ಓದಿ. 18 ವೋಲ್ಟ್ 1.5 ಎಎಚ್ ಅಂದರೆ 27 ವ್ಯಾಟ್ ಅವರ್. 2 ಎಎಚ್ ಅಂದರೆ 36, 4 ಎಎಚ್ ಅಂದರೆ 72. ಎರಡು ಚಿಕ್ಕ ಬ್ಯಾಟರಿಯ ಕಿಟ್ ಮನೆಗೆ ಚೆನ್ನ, ಒಂದು ಓಡುವಾಗ ಇನ್ನೊಂದು ಚಾರ್ಜ್ ಆಗುತ್ತಿರುತ್ತದೆ. ಶೀಟ್ ಕೆಲಸಕ್ಕೆ ಒಂದಾದರೂ 4 ಎಎಚ್ ಇರಲಿ. ಅದರಲ್ಲಿ ಸಾಮಾನ್ಯವಾಗಿ ಐದೈದು ಸೆಲ್ಲಿನ ಎರಡು ಸಾಲು ಇರುತ್ತವೆ. ಹಾಗಾಗಿ ಬರೀ ಜಾಸ್ತಿ ಹೊತ್ತು ಬರುವುದಲ್ಲ, ಭಾರ ಬಿದ್ದಾಗ ವೋಲ್ಟೇಜ್ ಕುಸಿಯುವುದೂ ಕಡಿಮೆ. ಅದೇ ಮಷೀನ್ ದೊಡ್ಡ ಬ್ಯಾಟರಿ ಹಾಕಿದಾಗ ಗಟ್ಟಿಯಾಗಿ ತಿರುಗುವುದು ಇದರಿಂದಲೇ.

ನಿತ್ಯದ ಜೋಪಾನ ಹೆಚ್ಚೇನಿಲ್ಲ. ಹಳೇ ನಿಕೆಲ್ ಬ್ಯಾಟರಿ ಕಾಲದ ‘ಪೂರ್ತಿ ಖಾಲಿ ಮಾಡಿ ಚಾರ್ಜ್ ಹಾಕು’ ಅನ್ನುವ ಬುದ್ಧಿಮಾತು ಲಿಥಿಯಂಗೆ ಕೆಡುಕು. ಶಕ್ತಿ ಇಳಿದಂತೆ ಕಂಡ ಕೂಡಲೇ ತೆಗೆದು ಚಾರ್ಜ್‌ಗೆ ಹಾಕಿ. ಕೆಲಸ ಮುಗಿಸಿ ಬಿಸಿಯಾಗಿರುವಾಗಲೇ ಹಾಕಬೇಡಿ, ಆರಲಿ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ಚಾರ್ಜ್‌ನಲ್ಲಿ, ಮಷೀನಿನಿಂದ ಬಿಚ್ಚಿ ಇಡಿ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟು ಹೋಗುವುದಂತೂ ಬೇಡವೇ ಬೇಡ. ಕರಾವಳಿ, ಮಲೆನಾಡಿನವರಿಗೆ ಕಾಟ ಬೇರೆ: ಮಳೆಗಾಲದಲ್ಲಿ ಚಕ್ ತುಕ್ಕು ಹಿಡಿದು ದವಡೆ ಕಚ್ಚಿಕೊಳ್ಳುತ್ತದೆ. ಒಂದು ಹನಿ ಎಣ್ಣೆ ಬಿಟ್ಟು ತಿರುಗಿಸಿ ಇಡಿ.

ಹಂತ 6: ಅಂಗಡಿಯಲ್ಲಿ ಕೈಯಲ್ಲಿ ಹಿಡಿಯಿರಿ

ಆನ್‌ಲೈನಿನಲ್ಲಿ ಬೆಲೆ ನೋಡಿಕೊಂಡು ಹೋಗಿ, ಆದರೆ ಒಮ್ಮೆ ಅಂಗಡಿಗೆ ಹೋಗಿ ಮುಟ್ಟಿ ನೋಡಿ. ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದ್ದೇ ಇದೆ, ಬೇರೆ ಊರುಗಳಲ್ಲೂ ದೊಡ್ಡ ಹಾರ್ಡ್‌ವೇರ್ ಅಂಗಡಿಯವರು ಒಂದು ಡೆಮೊ ಇಟ್ಟಿರುತ್ತಾರೆ. ಬ್ಯಾಟರಿ ಹಾಕಿಯೇ ಎತ್ತಿ, ಬರೀ ಮಷೀನ್ ಅಲ್ಲ. ಡ್ರಿಲ್‌ಗೆ ಉದ್ದನೆಯ, ತೆಳುವಾದ ಬಿಟ್ ಹಾಕಿ ನಿಧಾನ ತಿರುಗಿಸಿ. ತುದಿ ಎದ್ದು ಕಾಣುವಂತೆ ಓಲಾಡಿದರೆ ಬಿಟ್ ಬದಲಿಸಿ ನೋಡಿ, ಆಗಲೂ ಓಲಾಡಿದರೆ ಚಕ್ ಸರಿಯಿಲ್ಲ. ಟ್ರಿಗರ್ ಸ್ವಲ್ಪವೇ ಒತ್ತಿದಾಗ ತೀರಾ ನಿಧಾನ ತಿರುಗಬೇಕು, ಬಿಟ್ಟ ತಕ್ಷಣ ನಿಲ್ಲಬೇಕು. ಅಗ್ಗದ ಕಿಟ್‌ಗಳ ಬಣ್ಣ ಬಯಲಾಗುವುದು ಇಲ್ಲೇ: ಒಂದೋ ನಿಂತಿರುತ್ತವೆ, ಇಲ್ಲ ಪೂರ್ತಿ ಓಡುತ್ತವೆ, ನಡುವೆ ಏನೂ ಇಲ್ಲ.

ಎರಡು ಮೂರು ಸಾವಿರಕ್ಕೆ ಬಿಟ್, ಸಾಕೆಟ್, ಪೆಟ್ಟಿಗೆ ಎಲ್ಲ ಸೇರಿ ಬರುವ ಹೆಸರಿಲ್ಲದ ಕಿಟ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಕಪಾಟು ಜೋಡಿಸಲು ಸಾಕು. ಆದರೆ ಅದರ ಬ್ಯಾಟರಿ ಹೋದ ದಿನ ಅದೇ ಅಳತೆಯ ಇನ್ನೊಂದು ಸಿಗುತ್ತದೆ ಅನ್ನುವ ನಂಬಿಕೆ ಇಟ್ಟುಕೊಳ್ಳಬೇಡಿ. ಹೆಸರುವಾಸಿ ಕಂಪನಿಯ ಬ್ಯಾಟರಿ ಅರ್ಧ ಬೆಲೆಗೆ ಸಿಕ್ಕರೆ ಅದು ನಕಲಿ ಅಂದುಕೊಂಡೇ ನೋಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಮಾಡೆಲ್ ಜೊತೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬ್ಯಾಟರಿಗೆ ವಾರಂಟಿ ಎಷ್ಟು ಅಂತ ಬೇರೆಯಾಗಿ ಕೇಳಿ, ಅದು ಮಷೀನಿನ ವಾರಂಟಿಗಿಂತ ಬೇರೆ ಇರಬಹುದು. ನಿಮ್ಮ ಜಿಲ್ಲೆಯಲ್ಲಿ ಸರ್ವಿಸ್ ಸೆಂಟರ್ ಎಲ್ಲಿದೆ ಅಂತಲೂ ಆಗಲೇ ಕೇಳಿಬಿಡಿ.

ಹಂತ 7: ಬಿಟ್‌ನಲ್ಲಿ ಜಿಪುಣತನ ಬೇಡ

ಕಿಟ್ ಜೊತೆ ಬರುವ ಬಿಟ್‌ಗಳನ್ನು ಪಕ್ಕಕ್ಕಿಡಿ. ಇಂಪ್ಯಾಕ್ಟ್ ಡ್ರೈವರ್‌ಗೆ ಇಂಪ್ಯಾಕ್ಟ್ ಅಂತಲೇ ಬರೆದ ಬಿಟ್ ಬೇಕು. ಅದರ ನಡು ಸಣ್ಣಗಿದ್ದು ಪೆಟ್ಟು ಬಿದ್ದಾಗ ತುಸು ತಿರುಚಿ ಸುಧಾರಿಸಿಕೊಳ್ಳುತ್ತದೆ. ಸಾಮಾನ್ಯ ಬಿಟ್ ತುದಿ ಪಟ್ ಅಂತ ಮುರಿಯುತ್ತದೆ. ನಮ್ಮಲ್ಲಿ ಜಾಸ್ತಿ ಬಳಕೆ ಪ್ಲಸ್ ತುದಿಯ ಪಿಎಚ್2. ಆದರೆ ಕಪಾಟಿನ ಕೀಲಿನ ಸ್ಕ್ರೂ ತಲೆಯನ್ನು ಹತ್ತಿರದಿಂದ ನೋಡಿ. ಪ್ಲಸ್ ಗುರುತಿನ ನಡುವೆ ಇನ್ನೂ ನಾಲ್ಕು ಸಣ್ಣ ಗೀಟು ಕಂಡರೆ ಅದಕ್ಕೆ ಪಿಜಡ್2 ಹಾಕಬೇಕು. ಪಿಎಚ್ ಹಾಕಿದರೆ ಜಾರಿ ಜಾರಿ ತಲೆ ಸವೆದುಹೋಗುತ್ತದೆ, ಆಮೇಲೆ ಬಿಚ್ಚಲೂ ಆಗದು. ಕನ್ನಡಕ, ಕಿವಿಗೆ ಪ್ಲಗ್ ಇದೇ ಬಿಲ್ಲಿಗೆ ಸೇರಿಸಿ. ಚಿಕ್ಕ ಕೋಣೆಯಲ್ಲಿ ಇಂಪ್ಯಾಕ್ಟ್ ಡ್ರೈವರ್ ಸದ್ದು ನಿಜಕ್ಕೂ ಕಿವಿ ಕೆಡಿಸುವಂಥದ್ದು.

ಅಮೆರಿಕದಿಂದ ಅಣ್ಣನೋ ಮಗಳೋ ತರುವುದಾದರೆ

ಹಬ್ಬದ ಸೇಲ್‌ನಲ್ಲಿ ಅಲ್ಲಿ ಕಾಂಬೋ ಕಿಟ್ ಅಗ್ಗವಾಗಿ ಸಿಗುತ್ತದೆ, ತರಬಾರದು ಅಂತೇನಿಲ್ಲ. ಮಷೀನ್ ಚೆಕ್-ಇನ್ ಸೂಟ್‌ಕೇಸ್‌ನಲ್ಲಿ ಬರಲಿ, ಬಿಡಿ ಬ್ಯಾಟರಿ ಕೈಚೀಲದಲ್ಲೇ ಬರಬೇಕು. 100 ವ್ಯಾಟ್ ಅವರ್‌ವರೆಗಿನದಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ, ಅಂದರೆ 18 ವೋಲ್ಟ್ 5 ಎಎಚ್‌ನ 90 ಕೂಡ ಒಳಗೇ ಬಂತು. ಆದರೂ ಏರ್‌ಲೈನ್‌ನವರನ್ನು ಒಮ್ಮೆ ಕೇಳಿಬಿಡಿ. ತುದಿಯ ಲೋಹದ ಭಾಗಕ್ಕೆ ಟೇಪ್ ಸುತ್ತಿಸಿ. ಚಾರ್ಜರ್ ಮಾತ್ರ ಅಲ್ಲಿಂದ ಬೇಡ. ಅಲ್ಲಿನದು 120 ವೋಲ್ಟ್‌ನದ್ದು. ಬರೀ ಪಿನ್ ಬದಲಿಸುವ ಅಡಾಪ್ಟರ್ ಹಾಕಿ ನಮ್ಮ 230ಕ್ಕೆ ಚುಚ್ಚಿದರೆ ಸುಟ್ಟುಹೋಗುತ್ತದೆ. ದುಬೈ, ಮಸ್ಕತ್ತಿನದಾದರೆ ವೋಲ್ಟೇಜ್ ನಮ್ಮಂತೆಯೇ, ಪಿನ್ ಮಾತ್ರ ಬೇರೆ. ಕೊಳ್ಳುವ ಮೊದಲು ಅದೇ ಬ್ಯಾಟರಿಗೆ ಆಗುವ ಚಾರ್ಜರ್ ಇಲ್ಲಿನ ಡೀಲರ್ ಬಳಿ ಸಿಗುತ್ತದಾ ಅಂತ ಫೋನ್ ಮಾಡಿ ಕೇಳಿ. ಸಿಗುವುದಿಲ್ಲ ಅಂದರೆ ಕಿಟ್ ತರಿಸಬೇಡಿ.